ಕನ್ನಡ ಫಾಂಟ್ ಪ್ಯಾಕೇಜಿಂಗ್: ಆವೃತ್ತಿ ಸಂಖ್ಯೆ ಮತ್ತು ಲೈಸೆನ್ಸ್ ಕುರಿತು ನನ್ನ ಅನುಭವ

ಗದಗಿಗೆ ಮುದ್ರಣಕಾಶಿ ಎಂಬ ಹೆಸರಿದೆ. ಇಲ್ಲಿಯ ಪ್ರೆಸ್ಸೊಂದರ ಎರಡು ಕಂಪ್ಯೂಟರುಗಳಲ್ಲಿ ಒಂದೇ ಫಾಂಟಿನ ಬೇರೆ ಬೇರೆ ಆವೃತ್ತಿ ಇದ್ದರೆ, ಒಂದು ಒತ್ತಕ್ಷರದ ಅಗಲ ಕೂದಲೆಳೆಯಷ್ಟು ಬದಲಾದರೂ ಸಾಲು ಬೇರೆ ಕಡೆ ಮುರಿಯುತ್ತದೆ. 200 ಪುಟದ ಪುಸ್ತಕವಾದರೆ ಪರಿವಿಡಿಯ ಪುಟಸಂಖ್ಯೆಯೆಲ್ಲ ತಪ್ಪುತ್ತದೆ. ಅದಕ್ಕೇ ಡೆಬಿಯನ್ (ಲಿನಕ್ಸ್ ಬಗೆಯ ಒಂದು ಮುಕ್ತ ಕಾರ್ಯಾಚರಣಾ ವ್ಯವಸ್ಥೆ) ಓಡುವ ಯಂತ್ರಗಳಿಗೆ ಪೆನ್‌ಡ್ರೈವಿನಿಂದ ಫಾಂಟ್ ಹಾಕುವುದನ್ನು ಬಿಟ್ಟು, ಡೆಬ್ ಪ್ಯಾಕೇಜ್ (ಡೆಬಿಯನ್ ತಾನೇ ಅಳವಡಿಸಿ ನವೀಕರಿಸಬಲ್ಲ ಕಟ್ಟು) ಮಾಡಿ ನಮ್ಮದೇ ರೆಪಾಸಿಟರಿಯಿಂದ, ಅಂದರೆ ಪ್ಯಾಕೇಜುಗಳ ಭಂಡಾರದಿಂದ, ಕೊಡುತ್ತೇನೆ. (ಕೆಳಗಿನ ಆದೇಶಗಳನ್ನೂ ಆವೃತ್ತಿಯೊಳಗಿನ ಅಕ್ಷರಗಳನ್ನೂ ಯಂತ್ರದಲ್ಲಿ ಇಂಗ್ಲಿಷಿನಲ್ಲೇ ಟೈಪಿಸಬೇಕು.)

ಮೊದಲು ಫಾಂಟಿನ ಹೊಟ್ಟೆಯೊಳಗಿನ ಸಂಖ್ಯೆ ನೋಡುತ್ತೇನೆ. ಬಿಡುಗಡೆಯ ಟ್ಯಾಗ್ ಒಂದು ಹೇಳುತ್ತದೆ, ಒಳಗೆ ಇನ್ನೊಂದಿರುತ್ತದೆ. ಫಾಂಟಿನ ವಿವರ ತೋರಿಸುವ ಎಫ್‌ಸಿ-ಕ್ವೆರಿ ಆದೇಶ ಓಡಿಸಿ, ಅದು ತೋರಿಸುವ ಫಾಂಟ್‌ವರ್ಷನ್ ಸಂಖ್ಯೆಯನ್ನು 65536ರಿಂದ ಭಾಗಿಸಬೇಕು: 68813 ಬಂದರೆ ಅದು 1.05. ಫಾಂಟಿನೊಳಗೆ ಹೆಸರು, ಹಕ್ಕು ಮುಂತಾದವನ್ನು ಬರೆದಿಡುವ ನೇಮ್ ಟೇಬಲ್ಲಿನ 5ನೇ ಸಾಲಿನಲ್ಲಿಯೂ ಆವೃತ್ತಿ ಇರುತ್ತದೆ. ಅದನ್ನು ಫಾಂಟ್‌ಟೂಲ್ಸ್‌ನ ಟಿಟಿಎಕ್ಸ್ ಬಿಚ್ಚಿ ತೋರಿಸುತ್ತದೆ.

ಇಲ್ಲಿಯೇ ದೊಡ್ಡ ತೊಡಕು. ಫಾಂಟ್ ಮಾಡುವವರಿಗೆ ಆವೃತ್ತಿ ಎಂದರೆ ದಶಮಾಂಶ, 1.05 ಆದಮೇಲೆ 1.1. ಪ್ಯಾಕೇಜ್ ಅಳವಡಿಸುವ ಡೆಬಿಯನ್ನಿನ ಡಿಪಿಕೆಜಿ ಚುಕ್ಕೆಯ ಎಡಬಲವನ್ನು ಬೇರೆ ಬೇರೆ ಪೂರ್ಣಸಂಖ್ಯೆಗಳೆಂದು ಓದುತ್ತದೆ. ಮುಂದಿನ ಸೊನ್ನೆಗೆ ಬೆಲೆಯಿಲ್ಲ, 05 ಎಂದರೆ 5. ಹಾಗಾಗಿ ಅದರ ಲೆಕ್ಕದಲ್ಲಿ 1.05 ದೊಡ್ಡದು, 1.1 ಹಳೆಯದು. ಹೊಸ ಫಾಂಟ್ ರೆಪಾಸಿಟರಿಯಲ್ಲಿದ್ದರೂ ಅಲ್ಲಿಂದ ಪ್ಯಾಕೇಜ್ ತರುವ ಆಪ್ಟ್ ಅದನ್ನು ಎತ್ತಿಕೊಳ್ಳುವುದಿಲ್ಲ, ತಪ್ಪೆಂದೂ ಹೇಳುವುದಿಲ್ಲ. ಹೀಗಾಗಿ ಚುಕ್ಕೆಯ ನಂತರ ಯಾವಾಗಲೂ ಮೂರು ಅಂಕಿ ಇಡುತ್ತೇನೆ: 1.050, ಆಮೇಲೆ 1.100. ಸಂಶಯ ಬಂದರೆ ಡಿಪಿಕೆಜಿಯ ಕಂಪೇರ್-ವರ್ಷನ್ಸ್ ಆಯ್ಕೆಗೆ ಎರಡೂ ಸಂಖ್ಯೆ ಕೊಟ್ಟು ನೋಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಬಿಡುಗಡೆಗೆ ಮುಂಚಿನ ಆವೃತ್ತಿಗೆ ಟಿಲ್ಡೆ (~) ಬೇಕು. 2.000~ಆರ್‌ಸಿ1 ಎಂಬುದು 2.000ಕ್ಕಿಂತ ಹಿಂದೆ ನಿಲ್ಲುತ್ತದೆ. ಟಿಲ್ಡೆಯ ಜಾಗದಲ್ಲಿ ಅಡ್ಡಗೆರೆ ಹಾಕಿದರೆ ಕೆಟ್ಟಿತು. ಡಿಪಿಕೆಜಿ ಕೊನೆಯ ಅಡ್ಡಗೆರೆಯ ನಂತರದ್ದನ್ನು ಪ್ಯಾಕೇಜಿನ ಪರಿಷ್ಕರಣೆ ಎಂದು ತಿಳಿಯುತ್ತದೆ, ಆಗ 2.000-ಆರ್‌ಸಿ1 ಎಂಬುದು 2.000-1ಕ್ಕಿಂತ ಮುಂದೆ ಹೋಗುತ್ತದೆ. ತಪ್ಪಿ ದೊಡ್ಡ ಸಂಖ್ಯೆ ಹೊರಬಿದ್ದರೆ ಸಂಖ್ಯೆಯ ಮೊದಲಿಗೆ 1: ಎಂಬ ಎಪಾಕ್ (ಉಳಿದ ಸಂಖ್ಯೆಗಿಂತ ಮೊದಲು ಹೋಲಿಸುವ ಅಂಕಿ) ಸೇರಿಸುವ ದಾರಿಯಿದೆ. ಆದರೆ ಒಮ್ಮೆ ಸೇರಿಸಿದರೆ ಆ ಪ್ಯಾಕೇಜ್ ಇರುವವರೆಗೂ ತೆಗೆಯುವಂತಿಲ್ಲ. ನಾನಂತೂ ಮೂಲ ಲೇಖಕರ ಮುಂದಿನ ಬಿಡುಗಡೆಗೆ ಕಾಯುತ್ತೇನೆ.

ಲೈಸೆನ್ಸ್ ವಿಷಯದಲ್ಲಿ ಹೊರಗಿನ ಲೈಸೆನ್ಸ್ ಫೈಲನ್ನಷ್ಟೇ ನಂಬುವುದಿಲ್ಲ. ನೇಮ್ ಟೇಬಲ್ಲಿನಲ್ಲಿ ಹಕ್ಕು ಮತ್ತು ಲೈಸೆನ್ಸ್ ಬರೆದಿರುವ 0 ಮತ್ತು 13ನೇ ಸಾಲುಗಳನ್ನೂ ಓದುತ್ತೇನೆ, ಫಾಂಟ್ ಕಟ್ಟುವ ಸ್ಕ್ರಿಪ್ಟುಗಳ ಮೇಲೆ ಲೈಸೆನ್ಸ್‌ಚೆಕ್ ಓಡಿಸುತ್ತೇನೆ. ಹೊರಗೆ ಓಎಫ್‌ಎಲ್ (ಮುಕ್ತ ಫಾಂಟುಗಳ ಲೈಸೆನ್ಸ್), ಒಳಗೆ ಜಿಪಿಎಲ್ (ಮುಕ್ತ ತಂತ್ರಾಂಶದ ಲೈಸೆನ್ಸ್) ಎಂದಿದ್ದರೆ ಯಾವುದು ಸರಿ ಎಂದು ತೀರ್ಮಾನಿಸುವುದು ಪ್ಯಾಕೇಜ್ ಮಾಡುವವರ ಕೆಲಸವಲ್ಲ. ಲೇಖಕರಿಗೆ ಬರೆದು ಉತ್ತರ ಬರುವವರೆಗೆ ತಡೆಹಿಡಿಯುತ್ತೇನೆ. ಜಿಪಿಎಲ್ 2 ಮಾತ್ರವೋ, 2 ಅಥವಾ ನಂತರದ್ದೋ ಎಂಬುದು ಲೈಸೆನ್ಸಿನ ಪೂರ್ಣಪಾಠದಿಂದ ತಿಳಿಯುವುದಿಲ್ಲ. ಪ್ರತಿ ಫೈಲಿನ ತಲೆಬರಹ ನೋಡಬೇಕು. ಪ್ರೆಸ್ಸಿನವರಿಗೆ ಇನ್ನೊಂದು ಮುಖ್ಯ: ಫಾಂಟ್ ಬಳಸಿ ಮಾಡಿದ ದಾಖಲೆಗೆ ತನ್ನ ಷರತ್ತು ತಗಲುವುದಿಲ್ಲ ಎಂದು ಓಎಫ್‌ಎಲ್ ತಾನೇ ಹೇಳುತ್ತದೆ. ಜಿಪಿಎಲ್ ಫಾಂಟನ್ನು ಪಿಡಿಎಫ್‌ನೊಳಗೆ ಸೇರಿಸುವುದಿದ್ದರೆ ಅದಕ್ಕೆ ಫಾಂಟ್ ವಿನಾಯಿತಿ (ಫಾಂಟ್ ಸೇರಿಸಿದ ದಾಖಲೆಗೆ ಜಿಪಿಎಲ್ ತಗಲದು ಎಂಬ ಮಾತು) ಬರೆದಿದ್ದಾರೆಯೇ ನೋಡಿಕೊಳ್ಳಬೇಕು.

ಓಎಫ್‌ಎಲ್‌ನಲ್ಲಿ 'ಕಾಯ್ದಿರಿಸಿದ ಫಾಂಟ್ ಹೆಸರು' ಇದ್ದರೆ, ಒಂದು ಅರ್ಕಾವತ್ತನ್ನು ತಿದ್ದಿದರೂ ಹಳೆಯ ಹೆಸರಿನಲ್ಲಿ ಹಂಚುವಂತಿಲ್ಲ. ಪ್ಯಾಕೇಜಿನ ಹೆಸರು ಬದಲಿಸಿದರೆ ಸಾಲದು, ನೇಮ್ ಟೇಬಲ್ಲಿನ 1, 4, 6ನೇ ಸಾಲುಗಳಲ್ಲಿಯೂ, 16ನೆಯದು ಇದ್ದರೆ ಅಲ್ಲಿಯೂ ಹೊಸ ಹೆಸರು ಹಾಕಬೇಕು.

ಬಹಳ ಜನ ಗಮನಿಸದಿರುವುದು ಮಾದರಿ ಪುಟ. ಫಾಂಟಿನ ಚೆಲುವು ತೋರಿಸಲು ಬೇಂದ್ರೆಯವರ ಕವಿತೆಯೊಂದನ್ನು ಹಾಕಿರುತ್ತಾರೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ನಮ್ಮ ಕಾಯ್ದೆಯಲ್ಲಿ ಲೇಖಕರ ನಂತರ 60 ವರ್ಷ ಹಕ್ಕು ಉಳಿಯುವುದರಿಂದ 2041ರ ಕೊನೆಯವರೆಗೆ ಅದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು. ಅಂಥ ಪಿಡಿಎಫ್ ಅನ್ನು ಪ್ಯಾಕೇಜಿನ ಕಾಪಿರೈಟ್ ಫೈಲಿನ ಫೈಲ್ಸ್-ಎಕ್ಸ್‌ಕ್ಲೂಡೆಡ್ ಸಾಲಿಗೆ ಸೇರಿಸಿದರೆ, ಮೂಲವನ್ನು ಇಳಿಸಿಕೊಳ್ಳುವ ಯುಸ್ಕ್ಯಾನ್ ಅದನ್ನು ಬಿಟ್ಟು ಮೂಲವನ್ನು ಮತ್ತೆ ಕಟ್ಟುತ್ತದೆ. ಮಾದರಿ ಬೇಕೇ ಬೇಕೆಂದರೆ ಗದುಗಿನ ನಾರಣಪ್ಪನ ಷಟ್ಪದಿ ಇದೆ, ಬಗೆಬಗೆಯ ಒತ್ತಕ್ಷರ ಅದರಲ್ಲಿ ಸಿಗುತ್ತದೆ.

ಹೀಗೆ ಕತ್ತರಿಸಿದ ಮೂಲಕ್ಕೆ 1.050+ಡಿಎಫ್‌ಎಸ್‌ಜಿ ಎಂದು ಹೆಸರು (ಡಿಎಫ್‌ಎಸ್‌ಜಿ ಎಂದರೆ ಡೆಬಿಯನ್ನಿನ ಮುಕ್ತ ತಂತ್ರಾಂಶ ಮಾರ್ಗಸೂಚಿ). ಪ್ಲಸ್ಸಿನ ಬದಲು ಚುಕ್ಕೆ ಇಡಬಾರದು: 1.050.ಡಿಎಫ್‌ಎಸ್‌ಜಿ ಎಂದು ಬರೆದರೆ ಅದು ಮುಂದೆ ಬರುವ 1.050.1ಕ್ಕಿಂತಲೂ ದೊಡ್ಡದಾಗಿ ಕೂತು, ಹೊಸದನ್ನು ತಡೆಯುತ್ತದೆ.

ಡೆಬಿಯನ್ನಿನಲ್ಲಿ ಈಗಾಗಲೇ ಇರುವ ಪ್ಯಾಕೇಜನ್ನು ತಿದ್ದುವಾಗ 1.100-3+ಗದಗ1 ಎಂದು ಕೊಡುತ್ತೇನೆ. ಅದು ಅವರ -3ಕ್ಕಿಂತ ಮುಂದೆ, ನಾಳೆ ಬರುವ -4ಕ್ಕಿಂತ ಹಿಂದೆ. ಚಿಕ್ಕ ತಿದ್ದುಪಡಿಯೆಂದು ಹಳೆಯ ಸಂಖ್ಯೆಯಲ್ಲೇ ಮತ್ತೆ ಕಟ್ಟಿದರೆ ರೆಪಾಸಿಟರಿ ನಡೆಸುವ ರೆಪ್ರೆಪ್ರೋ ಚೆಕ್‌ಸಮ್ (ಫೈಲಿನ ಗುರುತಿನ ಸಂಖ್ಯೆ) ಬೇರೆಯಾಗಿದೆಯೆಂದು ತಿರಸ್ಕರಿಸುತ್ತದೆ. ಅದು ಹಾಗೆ ಮಾಡುವುದೇ ಸರಿ. ಇನ್ನು ಪ್ರೆಸ್ಸಿನಲ್ಲಿ ಪುಸ್ತಕ ಅರ್ಧ ಆಗಿದ್ದರೆ, ಆ ಕೆಲಸ ಮುಗಿಯುವವರೆಗೆ ಎರಡೂ ಯಂತ್ರಗಳಲ್ಲಿ ಆಪ್ಟ್-ಮಾರ್ಕ್ ಹೋಲ್ಡ್ ಹಾಕಿ ಫಾಂಟನ್ನು ನಿಲ್ಲಿಸಿಡುತ್ತೇನೆ, ಕೊನೆಯ ಫಾರ್ಮ್ ಅಚ್ಚಾದ ಮೇಲೆ ಬಿಡುತ್ತೇನೆ.