ಸ್ಯಾನ್ ಮಾರ್ಜಾನೊ ಟೊಮೆಟೊ: ಕಾಯಿಯ ತಳ ಕಪ್ಪಾಗುವುದು ನಿಂತದ್ದು ಹೀಗೆ

ಸಾಸ್‌ಗೆಂದು ಕುಂಡದಲ್ಲಿ ಹಾಕಿದ ಸ್ಯಾನ್ ಮಾರ್ಜಾನೊ ಕಾಯಿಗಳ ತಳ ಹಣ್ಣಾಗುವ ಮೊದಲೇ ಕಪ್ಪಾಗಿ, ಒಣ ಚರ್ಮದಂತೆ ಒಳಕ್ಕೆ ಕುಸಿಯುತ್ತಿತ್ತು. ಪಕ್ಕದ ಚೆರ್ರಿ ಟೊಮೆಟೊಗೆ ಏನೂ ಇಲ್ಲ. ಉದ್ದ ಕಾಯಿಯ ತಳಿಗಳಿಗೇ ಈ ಕಾಟ ಹೆಚ್ಚು.

ಶಿಲೀಂಧ್ರನಾಶಕ ದಂಡ, ಇದು ಸೋಂಕೇ ಅಲ್ಲ, ಕಾಯಿಗೆ ಕ್ಯಾಲ್ಸಿಯಂ ಸಾಲದ್ದು. ಕ್ಯಾಲ್ಸಿಯಂಗೆಂದು ಹಾಕುವ ಮೊಟ್ಟೆ ಚಿಪ್ಪು ಕರಗುವಷ್ಟರಲ್ಲಿ ಬೆಳೆಯೇ ಮುಗಿದಿರುತ್ತದೆ. ಎಪ್ಸಮ್ ಸಾಲ್ಟ್ ಅಂತೂ ಹಾಕಲೇಬೇಡಿ, ಅದರ ಮೆಗ್ನೀಸಿಯಂ ಕ್ಯಾಲ್ಸಿಯಂಗೇ ಅಡ್ಡ.

ಮಣ್ಣಲ್ಲಿ ಕ್ಯಾಲ್ಸಿಯಂ ಇತ್ತು, ಕಾಯಿಗೆ ಮುಟ್ಟುತ್ತಿರಲಿಲ್ಲ. ಅದು ನೀರಿನ ಜೊತೆಗೇ ಏರಬೇಕು; 10 ಲೀಟರ್ ಕುಂಡವೋ ಮಧ್ಯಾಹ್ನಕ್ಕೇ ಒಣಗುತ್ತಿತ್ತು. ಹೊಸ ಸಸಿಗಳನ್ನು 25 ಲೀಟರ್ ಗ್ರೋ ಬ್ಯಾಗ್‌ನಲ್ಲಿ ನೆಟ್ಟು, ಮೇಲೆ 5 ಸೆಂ.ಮೀ. ತರಗೆಲೆ ಹೊದಿಸಿ, ಹೂ ಬಿಡುವ ಮೊದಲೇ ಹನಿ ನೀರಾವರಿ ಶುರುಮಾಡಿದೆ: ಬೆಳಗ್ಗೆ 1 ಲೀಟರ್, ಬಿಸಿಲು ಜೋರಿದ್ದರೆ ಸಂಜೆ ಇನ್ನೊಂದು. ಯೂರಿಯಾ ಬಂದ್. ಆಮೇಲೆ ಕಚ್ಚಿದ ಕಾಯಿಗಳ ತಳ ಶುಭ್ರ. ಈಗಾಗಲೇ ಕಪ್ಪಾದದ್ದು ಸರಿಹೋಗದು, ಕಿತ್ತುಬಿಡಿ.