ಜಗತ್ತಿನ ಬಗ್ಗೆ ಸರಿ, ನನ್ನ ಬಗ್ಗೆ ತಪ್ಪು: ಒಂದು ಅಂದಾಜು ಪುಸ್ತಕದ ಅನುಭವ

ಸುಮಾರು ಆರು ವರ್ಷಗಳ ಹಿಂದೆ, ವಿವೇಚನೆಯನ್ನು ಸಂಗೀತದ ಹಾಗೆ ದಿನವೂ ಸಾಧನೆ ಮಾಡಿ ಕಲಿಯಬಹುದೆಂದು ನಂಬಿದವರ ಒಡನಾಟ ನನಗೆ ದೊರೆಯಿತು. ಅವರ ನಡುವೆ ಎಂದೂ ಮುಗಿಯದ ಒಂದು ವಾದವಿತ್ತು. ನಮ್ಮ ನಂಬಿಕೆಗಳು ವಾಸ್ತವಕ್ಕೆ ತಾಳೆಯಾಗುವಂತೆ ನೋಡಿಕೊಳ್ಳುವುದೇ ವಿವೇಕವೆಂದು ಒಂದು ಪಕ್ಷ ಹೇಳುತ್ತಿತ್ತು; ಹಿಡಿದ ಕೆಲಸವನ್ನು ದಡ ಮುಟ್ಟಿಸುವುದೇ ವಿವೇಕ, ಅದಾಗದಿದ್ದರೆ ಉಳಿದದ್ದೆಲ್ಲ ಪುಸ್ತಕದ ಬದನೆಕಾಯಿ ಎಂದು ಇನ್ನೊಂದು ಪಕ್ಷ. ನಾನು ಮೊದಲ ಪಕ್ಷದಲ್ಲಿದ್ದೆ, ಅದೂ ಸ್ವಲ್ಪ ಗತ್ತಿನಿಂದಲೇ. ಸತ್ಯ ಗೊತ್ತಾದ ಮೇಲೆ ಗೆಲುವು ತಾನಾಗಿ ಹಿಂಬಾಲಿಸುತ್ತದೆ ಎಂಬುದು ನನ್ನ ವಾದವಾಗಿತ್ತು. ಆ ವಾದ ಎಲ್ಲಿ ಮುರಿಯಿತು, ಎಲ್ಲಿ ಉಳಿಯಿತು ಎಂಬುದನ್ನು ನನ್ನದೇ ಲೆಕ್ಕಪತ್ರ ಇಟ್ಟುಕೊಂಡು ಹೇಳಲು ಪ್ರಯತ್ನಿಸುತ್ತೇನೆ.

ಆ ಒಡನಾಟದಿಂದ ನಾನು ಕಲಿತ ಮೊದಲ ಅಭ್ಯಾಸ ಅಂದಾಜು ಪುಸ್ತಕ. ಮುಂದೆ ನಡೆಯಬಹುದಾದ ಸಂಗತಿಯೊಂದನ್ನು ಬರೆದು, ಅದು ನಿಜವಾಗುವ ಸಾಧ್ಯತೆ ನೂರಕ್ಕೆ ಎಷ್ಟು ಎಂದು ನಮೂದಿಸಿ, ತೀರ್ಮಾನವಾಗುವ ದಿನಾಂಕ ಹಾಕಿಡಬೇಕು. ದಿನ ಬಂದಾಗ ಹೌದು ಅಥವಾ ಇಲ್ಲ ಎಂದು ಗುರುತು ಮಾಡಬೇಕು. ಹೀಗೆ ಕೂಡಿದ ಅಂದಾಜುಗಳ ಗುಣಮಟ್ಟ ಅಳೆಯಲು ಹವಾಮಾನ ತಜ್ಞ ಗ್ಲೆನ್ ಬ್ರೈಯರ್ 1950ರಲ್ಲಿ ಕೊಟ್ಟ ಸೂತ್ರವನ್ನು ಬಳಸಿದೆ. 90 ಎಂದದ್ದಕ್ಕೆ 0.9, ಹೌದು ಎಂಬುದಕ್ಕೆ 1, ಇಲ್ಲ ಎಂಬುದಕ್ಕೆ 0 ಎಂದು ಹಿಡಿದು, ಹೇಳಿದ ಸಾಧ್ಯತೆಗೂ ಆದ ಫಲಕ್ಕೂ ಇರುವ ವ್ಯತ್ಯಾಸವನ್ನು ಅದರಿಂದಲೇ ಗುಣಿಸಿ ಸರಾಸರಿ ಮಾಡಿದರೆ ಮುಗಿಯಿತು. ಸೊನ್ನೆ ಬಂದರೆ ಪರಿಪೂರ್ಣ; ಏನೂ ಯೋಚಿಸದೆ ಎಲ್ಲಕ್ಕೂ 50 ಎಂದು ಬರೆಯುವವರಿಗೆ 0.25 ಬರುತ್ತದೆ.

ಎರಡು ವರ್ಷ ಚುನಾವಣೆ, ವಿಜ್ಞಾನದ ಸುದ್ದಿ, ಕ್ರೀಡೆ ಇಂಥವನ್ನೇ ಬರೆದೆ. 70 ಎಂದು ಗುರುತಿಸಿದ 61 ನಮೂದುಗಳಲ್ಲಿ 43 ನಿಜವಾಗಿದ್ದವು. 90 ಎಂದ 38ರಲ್ಲಿ 34. ಇದನ್ನು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅದೇ ಅವಧಿಯಲ್ಲಿ ನನ್ನ ಜೀವನೋಪಾಯವಾದ ತಾಂತ್ರಿಕ ಅನುವಾದದ ಕೆಲಸ ಮಾತ್ರ ಸದಾ ಗಡುವು ಮೀರುತ್ತಿತ್ತು, ಮತ್ತು ಆ ಗಡುವುಗಳಲ್ಲಿ ಒಂದೂ ಪುಸ್ತಕದೊಳಗೆ ಬಂದಿರಲಿಲ್ಲ. ತಪ್ಪಿದರೆ ನನಗೆ ಬಿಡಿಕಾಸಿನ ನಷ್ಟವೂ ಆಗದ ಪ್ರಶ್ನೆಗಳನ್ನೇ ಆರಿಸಿಕೊಂಡು ನಾನು ಸತ್ಯಾನ್ವೇಷಣೆ ನಡೆಸುತ್ತಿದ್ದೆ. ಇದನ್ನು ಇನ್ನೊಂದು ಪಕ್ಷದ ಗೆಳೆಯರೊಬ್ಬರು ಎತ್ತಿ ತೋರಿಸಿದಾಗ ಕೋಪ ಬಂದಿತ್ತು. ಆದರೂ ಮೂರನೆಯ ವರ್ಷ ನನ್ನ ಕೆಲಸದ ಅಂದಾಜುಗಳನ್ನೂ ಬರೆಯತೊಡಗಿದೆ.

ಅದರಲ್ಲಿ ಒಂದು ಹೀಗಿದೆ: 'ಯಂತ್ರದ ಕೈಪಿಡಿ, 46 ಪುಟ, ಹತ್ತು ದಿನದಲ್ಲಿ ಮುಗಿಯುತ್ತದೆ, 90.' ಅದರ ಕೆಳಗೆ ಬೇರೆ ಶಾಯಿಯಲ್ಲಿ: 'ಇಲ್ಲ. 23ನೆಯ ದಿನ.' ನಡೆದದ್ದು ಇಷ್ಟು. ಮೂರನೆಯ ದಿನ ಹನ್ನೊಂದನೆಯ ಪುಟದಲ್ಲಿ ಬಿಡಿಭಾಗಗಳ ಒಂದು ಪಟ್ಟಿ ಎದುರಾಯಿತು. ನಾಲ್ಕನೆಯ ಪುಟದಲ್ಲಿ ನಾನು 'ಕವಾಟ' ಎಂದು ಅನುವಾದಿಸಿದ್ದ ಪದ ವಾಸ್ತವದಲ್ಲಿ ಎರಡು ಬೇರೆ ಭಾಗಗಳಿಗೆ ಬಳಕೆಯಾಗಿದೆ ಎಂಬುದು ಆ ಪಟ್ಟಿಯಿಂದ ತಿಳಿಯಿತು. ಹಿಂದಿನ ಪುಟಗಳನ್ನೆಲ್ಲ ಮತ್ತೆ ತಿದ್ದಬೇಕಾಯಿತು. ಎಂಟನೆಯ ದಿನ ಮೂಲದ ಪರಿಷ್ಕೃತ ಪ್ರತಿ ಬಂತು. ನಡುವೆ ನಾಲ್ಕು ದಿನ ಜ್ವರ. ಪ್ರತಿಯೊಂದು ಕಾರಣವೂ ನ್ಯಾಯವಾದದ್ದೇ, ಪ್ರತಿಯೊಂದೂ ಅನಿರೀಕ್ಷಿತವೇ. ಹಾಗಾಗಿ ಪ್ರತಿ ಸಲವೂ ನನ್ನನ್ನು ನಾನು ಕ್ಷಮಿಸಿಕೊಂಡು, ಮುಂದಿನ ಕೆಲಸಕ್ಕೆ ಮತ್ತೆ ಹತ್ತು ದಿನ ಎಂದು ಬರೆಯುತ್ತಿದ್ದೆ.

ವರ್ಷದ ಕೊನೆಗೆ 90 ಎಂದು ಬರೆದ ಸ್ವಂತ ಕೆಲಸದ ನಮೂದುಗಳು 22 ಇದ್ದವು, ನಿಜವಾದವು 11. ಬ್ರೈಯರ್ ಸೂತ್ರಕ್ಕೆ ಹಾಕಿದರೆ ನಿಜವಾದ ಒಂದೊಂದಕ್ಕೂ 0.01, ತಪ್ಪಿದ ಒಂದೊಂದಕ್ಕೂ 0.81, ಸರಾಸರಿ 0.41. ಏನೂ ಯೋಚಿಸದೆ ಎಲ್ಲಕ್ಕೂ 50 ಎಂದು ಬರೆಯುವವರಿಗೂ ಇದಕ್ಕಿಂತ ಒಳ್ಳೆಯ ಫಲ ಸಿಗುತ್ತಿತ್ತು. ಎರಡು ವರ್ಷ ನಾನು ಮೆರೆದಿದ್ದ ನಿಖರತೆ ಒಂದು ಸಾಮಾನ್ಯ ಗುಣವಲ್ಲ, ದೂರದ ವಸ್ತುಗಳನ್ನು ಮಾತ್ರ ತೋರಿಸುವ ದುರ್ಬೀನು ಎಂಬುದು ಆಗ ಅರಿವಾಯಿತು.

ಇದರಲ್ಲಿ ನಾನು ವಿಶೇಷವೇನೂ ಅಲ್ಲ. ಸ್ವಂತ ಕೆಲಸಕ್ಕೆ ಬೇಕಾಗುವ ಸಮಯವನ್ನು ಕಡಿಮೆ ಅಂದಾಜು ಮಾಡುವ ಈ ಪ್ರವೃತ್ತಿಗೆ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ 1979ರಲ್ಲೇ 'ಯೋಜನಾ ಭ್ರಮೆ' ಎಂದು ಹೆಸರಿಟ್ಟಿದ್ದರು. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 33.9 ದಿನದಲ್ಲಿ ಮುಗಿಯುತ್ತದೆಂದು ಹೇಳಿ 55.5 ದಿನ ತೆಗೆದುಕೊಂಡಿದ್ದರು; ಎಲ್ಲವೂ ಎಷ್ಟು ಕೆಡಬಹುದೋ ಅಷ್ಟು ಕೆಟ್ಟರೆ ಎಂದು ಕೇಳಿದಾಗಲೂ ಅವರು ಹೇಳಿದ್ದು 48.6 ದಿನ. ಇದನ್ನೆಲ್ಲ ನಾನು ಮೊದಲೇ ಓದಿದ್ದೆ, ಇತರರಿಗೆ ವಿವರಿಸಿಯೂ ಇದ್ದೆ. ಓದಿದ್ದರಿಂದ ನನ್ನ ಅಂದಾಜು ಒಂದು ದಿನವೂ ಬದಲಾಗಿರಲಿಲ್ಲ.

ಬದಲಾದದ್ದು ಕಾರಣಗಳನ್ನು ಎಣಿಸುವುದನ್ನು ಬಿಟ್ಟಾಗ. ಮುಂದಿನ ಕೆಲಸದಲ್ಲಿ ಏನೇನು ಅಡ್ಡಿ ಬರಬಹುದೆಂದು ಊಹಿಸುವ ಬದಲು, ಗಡುವು ಮೀರಿದ ಹಿಂದಿನ 11 ಕೆಲಸಗಳಲ್ಲಿ ಆದ ದಿನಗಳನ್ನು ಹೇಳಿದ ದಿನಗಳಿಂದ ಭಾಗಿಸಿ, ಆ ಅನುಪಾತಗಳನ್ನು ಸಾಲಾಗಿ ಜೋಡಿಸಿ ನಡುವಿನದನ್ನು ಹಿಡಿದೆ, 1.8 ಬಂತು. ಅಂದಿನಿಂದ ಮನಸ್ಸು ಹತ್ತು ದಿನ ಎಂದರೆ ಕಾಗದದ ಮೇಲೆ 18 ಎಂದು ಬರೆಯುತ್ತೇನೆ. ಹಾಗೆ ಬರೆಯುವಾಗಲೆಲ್ಲ ಮನಸ್ಸು 'ಈ ಸಲ ಹಾಗಾಗುವುದಿಲ್ಲ' ಎಂದು ತಕರಾರು ಮಾಡುತ್ತದೆ, ಅದು ಮಾಡಿಕೊಳ್ಳಲಿ.

ಇಲ್ಲಿಯವರೆಗಿನ ಕಥೆ ಸತ್ಯದ ಪಕ್ಷಕ್ಕೆ ಅನುಕೂಲವಾಗಿದೆ ಎನಿಸಬಹುದು. ಆದರೆ 18 ದಿನ ಎಂದು ಪ್ರಾಮಾಣಿಕವಾಗಿ ಹೇಳತೊಡಗಿದ ಮೊದಲ ಮೂರು ತಿಂಗಳಲ್ಲಿ ಇಬ್ಬರು ಹಳೆಯ ಗಿರಾಕಿಗಳು ಕೈಬಿಟ್ಟರು. ಹತ್ತು ದಿನ ಎಂದು ಹೇಳಿ 18ನೆಯ ದಿನಕ್ಕೆ ಕೊಡುವುದನ್ನು ಅವರು ವರ್ಷಗಟ್ಟಲೆ ಸಹಿಸಿದ್ದರು, 18 ಎಂಬ ಮಾತನ್ನು ಮಾತ್ರ ಸಹಿಸಲಿಲ್ಲ. ಆ ವರ್ಷದ ನನ್ನ ಆದಾಯ ಇಳಿಯಿತು. ನಂತರದ 19 ಕೆಲಸಗಳಲ್ಲಿ ಗಡುವು ಮೀರಿದವು ಮೂರೇ ಆದರೂ, ಹೋದವರು ಹೋದರು. ಸತ್ಯ ಹೇಳಿದ್ದಕ್ಕೆ ಕೊನೆಯಲ್ಲಿ ಲಾಭವೇ ಆಯಿತೆಂದು ಈ ಲೆಕ್ಕ ತೋರಿಸುವುದಿಲ್ಲ. ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ ಎಂಬುದು ಬೇರೆ ವಿಷಯ.

ಇನ್ನೊಂದು ಪಕ್ಷದ ಕಡೆಗೂ ನಾನು ಸ್ವಲ್ಪ ಕಾಲ ವಾಲಿದ್ದೆ. ಸಾಕ್ಷ್ಯದ ಗೊಡವೆ ಬೇಡ, ಕೆಲಸಕ್ಕೆ ಬರುವುದನ್ನು ಎತ್ತಿಕೊಂಡರೆ ಸಾಕು ಎಂದುಕೊಂಡು, ಮನೋಬಲ ಬಳಸಿದಂತೆಲ್ಲ ಬರಿದಾಗುವ ಸಂಪನ್ಮೂಲ ಎಂಬ ಆಗಿನ ಜನಪ್ರಿಯ ತತ್ತ್ವದ ಪ್ರಕಾರ ದಿನಚರಿಯನ್ನು ರೂಪಿಸಿಕೊಂಡೆ. ಕಷ್ಟದ ಕೆಲಸವನ್ನೆಲ್ಲ ಬೆಳಿಗ್ಗೆಗೆ ತಳ್ಳಿದೆ. ಮಧ್ಯಾಹ್ನದ ಮೇಲೆ ಮನೋಬಲ ತೀರಿಹೋಗಿದೆ ಎಂಬ ನೆಪ ಸಿಕ್ಕಿದ್ದೇ ಅದರ ಮುಖ್ಯ ಫಲ. ಅಷ್ಟು ಹೊತ್ತಿಗಾಗಲೇ, 2016ರಲ್ಲಿ, 23 ಪ್ರಯೋಗಾಲಯಗಳು ಎರಡು ಸಾವಿರಕ್ಕೂ ಹೆಚ್ಚು ಜನರೊಂದಿಗೆ ಆ ತತ್ತ್ವವನ್ನು ಪರೀಕ್ಷಿಸುವ ಪ್ರಯೋಗವೊಂದನ್ನು ಮತ್ತೆ ನಡೆಸಿ, ಪರಿಣಾಮ ಹೆಚ್ಚುಕಡಿಮೆ ಸೊನ್ನೆ ಎಂದು ವರದಿ ಮಾಡಿದ್ದವು. ಅದನ್ನು ಹುಡುಕಿ ನೋಡಲು ಹತ್ತು ನಿಮಿಷ ಸಾಕಾಗಿತ್ತು.

ನನ್ನನ್ನು ನಿಜಕ್ಕೂ ಕಂಗೆಡಿಸಿದ ನಮೂದು ಬೇರೆಯದು. ನಾಲ್ಕನೆಯ ವರ್ಷ ಒಂದು ವೃತ್ತಿಪರ ಪರೀಕ್ಷೆಗೆ ಹೆಸರು ಕೊಟ್ಟು, ಪುಸ್ತಕದಲ್ಲಿ 'ತೇರ್ಗಡೆ, 35' ಎಂದು ಬರೆದೆ. ಬರೆದ ಮೇಲೆ ಓದುವ ಹುರುಪೇ ಇಳಿಯಿತು. ಮೂರರಲ್ಲಿ ಎರಡು ಪಾಲು ಸೋಲೇ ಇದ್ದರೆ ರಾತ್ರಿ ಕಣ್ಣು ಕೆಡಿಸಿಕೊಳ್ಳುವುದೇಕೆ? ಅಂದಾಜು ತನ್ನನ್ನು ತಾನೇ ನಿಜ ಮಾಡಿಕೊಳ್ಳುತ್ತಿತ್ತು. ಸಾಕಷ್ಟು ಸಾಕ್ಷ್ಯವಿಲ್ಲದೆ ಏನನ್ನೂ ನಂಬುವುದು ತಪ್ಪೆಂದು ಗಣಿತಜ್ಞ, ತತ್ತ್ವಜ್ಞಾನಿ ಕ್ಲಿಫರ್ಡ್ 1877ರಲ್ಲಿ ವಾದಿಸಿದ್ದಕ್ಕೆ, ನಂಬಿಕೆಯೇ ಫಲವನ್ನು ಉಂಟುಮಾಡಲು ನೆರವಾಗುವ ಸಂದರ್ಭಗಳೂ ಇವೆ ಎಂದು ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ 1896ರಲ್ಲಿ ಉತ್ತರಿಸಿದ್ದರು. ನಾನು ಅಲ್ಲಿಯವರೆಗೆ ಕ್ಲಿಫರ್ಡ್ ಕಡೆಯೇ ಇದ್ದೆ. ಹಾಗಾದರೆ 80 ಎಂದು ಸುಳ್ಳು ಬರೆದುಕೊಂಡು ಹುರುಪು ತಂದುಕೊಳ್ಳಬೇಕೇ?

ಸುಳ್ಳಿನ ಅಗತ್ಯವಿಲ್ಲ, ಪ್ರಶ್ನೆಯನ್ನೇ ಬಿಡಿಸಬೇಕು ಎಂಬುದು ಕೆಲವು ವಾರಗಳ ನಂತರ ಹೊಳೆಯಿತು. ದಿನಕ್ಕೆ ಎರಡು ಗಂಟೆಯಂತೆ 12 ವಾರ ಓದಿದರೆ ತೇರ್ಗಡೆಯಾಗುವ ಸಾಧ್ಯತೆ ಎಷ್ಟು? 70. ಓದದಿದ್ದರೆ? 10. ಹಾಗೆ ಓದುತ್ತೇನೆಯೇ? ಹಿಂದಿನ ನಡವಳಿಕೆ ನೋಡಿದರೆ 40. ಗುಣಿಸಿ ಕೂಡಿದರೆ 28 ಮತ್ತು 6, ಒಟ್ಟು 34. ನಾನು ಬರೆದ 35 ಬಂದದ್ದು ಇಲ್ಲಿಂದ. ಈ ಮೂರು ಸಂಖ್ಯೆಗಳಲ್ಲಿ 70 ಮತ್ತು 10 ಪರೀಕ್ಷೆಯ ಬಗೆಗಿನ ಮಾತು, ಅವು ನನ್ನ ಇಚ್ಛೆಗೆ ಬಗ್ಗುವುದಿಲ್ಲ. 40 ಮಾತ್ರ ನನ್ನ ಬಗೆಗಿನದು. ನನ್ನ ಮುಂದಿನ ನಡೆಯನ್ನು ಮಳೆ ಬರುತ್ತದೋ ಇಲ್ಲವೋ ಎಂದು ನೋಡುವಂತೆ ನಾನೇ ಕಿಟಕಿಯಲ್ಲಿ ಕುಳಿತು ನೋಡುತ್ತಿದ್ದೆ. ಸತ್ಯಕ್ಕೂ ಗೆಲುವಿಗೂ ನಿಜವಾದ ಜಗಳವಿದ್ದದ್ದು ಈ ಒಂದು ಸಂಖ್ಯೆಯಲ್ಲಿ. ಉಳಿದೆಡೆ ಇದ್ದದ್ದು ನನ್ನ ಸೋಮಾರಿತನ ಮತ್ತು ಭಯ ಎಂದು ಈಗ ತೋರುತ್ತದೆ.

ಆ 40ನ್ನು ಏರಿಸಲು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಅಧ್ಯಯನ ಮಾಡಿದ ಸರಳ ಉಪಾಯವನ್ನು ಬಳಸಿದೆ. 'ಹೆಚ್ಚು ಓದುತ್ತೇನೆ' ಎಂಬ ಸಂಕಲ್ಪದ ಬದಲು, 'ಸಂಜೆ ಕಂಪ್ಯೂಟರ್ ಆರಿಸಿದ ಕೂಡಲೇ ಅದೇ ಕುರ್ಚಿಯಲ್ಲಿ ಪರೀಕ್ಷೆಯ ಪುಸ್ತಕ ತೆರೆಯುತ್ತೇನೆ' ಎಂದು ಸಂದರ್ಭಕ್ಕೆ ಕಟ್ಟಿದ ವಾಕ್ಯವನ್ನು ಬರೆದು ಅಂಟಿಸಿದೆ. 12ರಲ್ಲಿ ಒಂಬತ್ತು ವಾರ ಅದು ನಡೆಯಿತು. ಭಾರತೀಯ ತರ್ಕಶಾಸ್ತ್ರದ ಪರಂಪರೆಯಾದ ನ್ಯಾಯದರ್ಶನಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ, ಅರಿವು ಸರಿಯಾದದ್ದೆಂಬುದು ಅದನ್ನು ಹಿಡಿದು ನಡೆದ ಪ್ರವೃತ್ತಿ ಫಲಿಸಿದಾಗ ಗೊತ್ತಾಗುತ್ತದೆ ಎಂದು ಆರಂಭದಲ್ಲೇ ಹೇಳುತ್ತಾನೆ. ನೀರೆಂದು ಕಂಡದ್ದರ ಬಳಿಗೆ ಹೋಗದೆ ಅದು ನೀರೋ ಬಿಸಿಲ್ಗುದುರೆಯೋ ಎಂದು ದಡದಲ್ಲಿ ಕುಳಿತು ಸಂಭಾವ್ಯತೆ ಬರೆಯುತ್ತಿದ್ದ ನನಗೆ ಈ ಮಾತು ತಡವಾಗಿ ಅರ್ಥವಾಯಿತು.

ಪರೀಕ್ಷೆಯಲ್ಲಿ ನಾನು ನಪಾಸಾದೆ, ನಾಲ್ಕು ಅಂಕಗಳಿಂದ. ಪುಸ್ತಕದ ಪ್ರಕಾರ ಇದರಲ್ಲಿ ಅಚ್ಚರಿಯೇನಿಲ್ಲ. 70 ಎಂದರೆ ಹತ್ತರಲ್ಲಿ ಮೂರು ಸಲ ಹೀಗಾಗಬೇಕು. ಮರುದಿನ 'ಇಲ್ಲ' ಎಂದು ಗುರುತು ಮಾಡಿ, ಅದರ ಕೆಳಗೆ ಎರಡನೆಯ ಪ್ರಯತ್ನಕ್ಕೆ ಎರಡು ನಮೂದುಗಳನ್ನು ಬೇರೆಬೇರೆಯಾಗಿ ಬರೆದೆ: '12 ವಾರ ಓದಿದರೆ ತೇರ್ಗಡೆ, 75' ಎಂಬುದು ಒಂದು. 'ಓದುತ್ತೇನೆಯೇ' ಎಂಬ ಇನ್ನೊಂದರ ಮುಂದೆ ಸಂಖ್ಯೆ ಹಾಕದೆ, ಕುರ್ಚಿಯ ವಾಕ್ಯವನ್ನೇ ಮತ್ತೆ ಬರೆದಿಟ್ಟೆ.