ಎಲ್ಕ್ ಬೇಟೆಗೆ ಗುಂಡಿನ ಆಯ್ಕೆ: ನಾನು ಲೆಕ್ಕ ಹಾಕುವ ಬಗೆ

ಎಲ್ಕ್ ಎಂದರೆ ಉತ್ತರ ಅಮೆರಿಕದ ದೊಡ್ಡ ಜಿಂಕೆ. ರಾಕಿ ಪರ್ವತದ ಗಂಡು ಎಲ್ಕ್ ಸುಮಾರು 320 ಕೆ.ಜಿ. ತೂಗುತ್ತದೆ, ಹೆಣ್ಣು 225ರ ಹತ್ತಿರ. ನಮ್ಮ ಮಲೆನಾಡಿನ ದೊಡ್ಡ ಕಡವೆಯನ್ನು ಕಂಡವರಿಗೆ ಇದರ ಅಂದಾಜು ಸಿಗುತ್ತದೆ. ಎಲ್ಕ್ ಅದಕ್ಕಿಂತ ಒಂದು ಕೈ ಹೆಚ್ಚು. ತೊಗಲು ದಪ್ಪ, ಮುಂಗಾಲಿನ ಮೇಲ್ಮೂಳೆ ಗಟ್ಟಿ, ಜೀವವೂ ಗಟ್ಟಿ. ಶ್ವಾಸಕೋಶಕ್ಕೆ ಸರಿಯಾಗಿ ಈಡು ಬಿದ್ದ ಮೇಲೂ ಏನೂ ಆಗದಂತೆ ಹತ್ತು ಸೆಕೆಂಡು ನಿಂತಿರಬಲ್ಲದು. ಈ ಪ್ರಾಣಿಗೆ ಗುಂಡು (ತೋಟೆಯ ತುದಿಯಿಂದ ಹಾರಿಹೋಗುವ ಭಾಗ; ತೋಟೆ ಎಂದರೆ ಮದ್ದು, ಗುಂಡು ಎಲ್ಲ ಸೇರಿದ್ದು) ಆರಿಸುವಾಗ ನಾನು ಮೊದಲು ರೈಫಲಿನ ಬಗ್ಗೆ ಯೋಚಿಸುವುದಿಲ್ಲ. ಗುಂಡು ಮೈಗೆ ತಾಗುವ ಹೊತ್ತಿಗೆ ಅದರ ವೇಗ ಎಷ್ಟಿರುತ್ತದೆ, ಯಾವ ಕೋನದಿಂದ ಒಳಗೆ ಹೋಗಬೇಕು ಎಂಬಲ್ಲಿಂದ ಶುರು ಮಾಡಿ ಹಿಂದಕ್ಕೆ ಬರುತ್ತೇನೆ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಕೊಲರಾಡೋದಲ್ಲಿ ಎಲ್ಕ್‌ಗೆ ಕನಿಷ್ಠ .24 ಕ್ಯಾಲಿಬರ್ (ಇಂಚಿನಲ್ಲಿ ಗುಂಡಿನ ವ್ಯಾಸ), ಕನಿಷ್ಠ 85 ಗ್ರೇನ್ (7,000 ಗ್ರೇನ್ ಸೇರಿದರೆ ಒಂದು ಪೌಂಡ್) ತೂಕದ, ಒಳಹೊಕ್ಕು ಅರಳುವ ಗುಂಡು, 100 ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ ಇರಲೇಬೇಕು. ಇದು ಕಾನೂನಿನ ಕೆಳಗಿನ ಗೆರೆ. ಒಳ್ಳೆಯ ಆಯ್ಕೆ ಇದಕ್ಕಿಂತ ತುಂಬಾ ಮೇಲಿದೆ. ಇನ್ನೊಂದು, ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವ ನಮ್ಮವರಿಗೆ: ಆ ವೀಸಾದಲ್ಲಿ ಬಂದೂಕು, ತೋಟೆ ಇಟ್ಟುಕೊಳ್ಳಲು ಅಮೆರಿಕದ ಕೇಂದ್ರ ಕಾನೂನು ಬಿಡುವುದಿಲ್ಲ. ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಲೈಸೆನ್ಸ್ ಮೊದಲು, ತೋಟೆ ಆಮೇಲೆ.

ನನ್ನದು 22 ಇಂಚಿನ ನಳಿಗೆಯ, .30-06 ಸ್ಪ್ರಿಂಗ್‌ಫೀಲ್ಡ್ ಎಂಬ ತೋಟೆಯ ರೈಫಲ್. 180 ಗ್ರೇನ್ ಗುಂಡಿನ ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 2,700 ಅಡಿ ಎಂದು ಬರೆದಿರುತ್ತದೆ. ಆದರೆ ಆ ಅಳತೆ ತೆಗೆಯುವುದು 24 ಇಂಚಿನ ಪರೀಕ್ಷಾ ನಳಿಗೆಯಲ್ಲಿ. ನಳಿಗೆ ಒಂದು ಇಂಚು ಗಿಡ್ಡವಾದರೆ ಸೆಕೆಂಡಿಗೆ ಸುಮಾರು 25 ಅಡಿ ವೇಗ ಕಡಿಮೆಯಾಗುತ್ತದೆ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ನೋಡಿದರೆ ನನ್ನ ರೈಫಲಿನಲ್ಲಿ ಬರುವುದು 2,640. ಲೆಕ್ಕ ಶುರುವಾಗಬೇಕಾದ್ದು ಈ ಸಂಖ್ಯೆಯಿಂದ. ಸಮುದ್ರಮಟ್ಟದ ಕೋಷ್ಟಕದ ಪ್ರಕಾರ 300 ಗಜದಲ್ಲಿ ಈ ಗುಂಡಿಗೆ ಉಳಿಯುವುದು 2,090ರ ಆಸುಪಾಸು, 400 ಗಜದಲ್ಲಿ 1,920ರ ಆಸುಪಾಸು. ಎಲ್ಕ್ ಸಿಗುವ ಒಂಬತ್ತು ಸಾವಿರ ಅಡಿ ಎತ್ತರದಲ್ಲಿ ಗಾಳಿ ತೆಳು, ಹಾಗಾಗಿ 400 ಗಜದ ಹೊತ್ತಿಗೆ ನೂರು ಅಡಿಗೂ ಹೆಚ್ಚು ವೇಗ ಉಳಿತಾಯವಾಗುತ್ತದೆ. ಆ ಉಳಿತಾಯವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಕ್ಟೋಬರ್ ಕೊನೆಯ ಚಳಿಯಲ್ಲಿ ಮದ್ದು ನಿಧಾನವಾಗಿ ಉರಿದು ಅದರಲ್ಲಿ ಒಂದು ಪಾಲನ್ನು ತಿಂದುಹಾಕುತ್ತದೆ.

ಈ ವೇಗ ಯಾಕೆ ಮುಖ್ಯ ಎಂದರೆ, ಪ್ರತಿ ಗುಂಡಿಗೂ ಅರಳಲು ಬೇಕಾದ ಕನಿಷ್ಠ ವೇಗ ಒಂದಿದೆ, ತಡೆದುಕೊಳ್ಳುವ ಗರಿಷ್ಠ ವೇಗವೂ ಒಂದಿದೆ. ನೋಸ್ಲರ್ ಪಾರ್ಟಿಷನ್ ಎಂಬ ಸೀಸದ ಗುಂಡು ವೇಗ 1,800 ಅಡಿಗೆ ಇಳಿಯುವವರೆಗೂ ಅರಳುತ್ತದೆ. ಪೂರ್ತಿ ತಾಮ್ರದ ಗುಂಡುಗಳಿಗೆ ನಾನು 2,000 ಅಡಿಯ ಗೆರೆ ಹಾಕಿಕೊಂಡಿದ್ದೇನೆ. ತಯಾರಕರು ಅದಕ್ಕಿಂತ ಕಡಿಮೆ ಹೇಳಿದರೂ ನನ್ನದು 2,000ವೇ. ಅರಳದ ಗುಂಡು ದಬ್ಬಣ ಚುಚ್ಚಿದಂತೆ ಈ ಕಡೆಯಿಂದ ಆ ಕಡೆಗೆ ದಾಟುತ್ತದೆ, ತೂತು ಬೆರಳಿಗಿಂತ ಸಣ್ಣದು. ಪ್ರಾಣಿ ಕಣಿವೆ ದಾಟಿ ಹೋಗಿ ಎಲ್ಲೋ ಸಾಯುತ್ತದೆ, ನಮ್ಮ ಕೈಗೆ ಸಿಗುವುದಿಲ್ಲ. ಇದಕ್ಕಿಂತ ಕೆಟ್ಟ ಫಲಿತಾಂಶ ಬೇಟೆಯಲ್ಲಿ ಇಲ್ಲ.

ಇನ್ನೊಂದು ತುದಿಯ ತೊಂದರೆ ಹತ್ತಿರದ ಈಡಿನದು. ಮಾಮೂಲಿ ಗುಂಡು ಎಂದರೆ ಒಳಗೆ ಸೀಸ, ಹೊರಗೆ ತೆಳು ತಾಮ್ರದ ಕವಚ, ಎರಡಕ್ಕೂ ಬೆಸುಗೆ ಇಲ್ಲ. .300 ವಿನ್‌ಚೆಸ್ಟರ್ ಮ್ಯಾಗ್ನಮ್ ಎಂಬ, ಹೆಚ್ಚು ಮದ್ದಿನ ದೊಡ್ಡ ತೋಟೆಯಿಂದ ಹೊರಟ 180 ಗ್ರೇನ್ ಗುಂಡು 50 ಗಜದಲ್ಲಿ 2,800 ಅಡಿಗಿಂತ ಹೆಚ್ಚಿನ ವೇಗದಲ್ಲಿ ಹೆಗಲ ಮೂಳೆಗೆ ಬಡಿದರೆ ಕವಚ ಒಂದು ಕಡೆ, ಸೀಸ ಒಂದು ಕಡೆ ಆಗುತ್ತದೆ. ಮೇಲೆ ಅಂಗೈಯಗಲದ ಗಾಯ, ಒಳಗೆ ಶ್ವಾಸಕೋಶ ಮುಟ್ಟಿಯೇ ಇಲ್ಲ. ದೊಡ್ಡ ತೋಟೆ ತಂದೆ, ಇನ್ನು ಗುಂಡು ಯಾವುದಾದರೇನು ಎಂದುಕೊಳ್ಳುವವರು ಇಲ್ಲೇ ತಪ್ಪುವುದು. ತೋಟೆ ದೊಡ್ಡದಾದಷ್ಟೂ ಗುಂಡು ಗಟ್ಟಿಯಾಗಬೇಕು. ಅದೇ ಮಾಮೂಲಿ ಗುಂಡು .30-06 ಅಥವಾ ಅದಕ್ಕಿಂತ ಗಿಡ್ಡ ತೋಟೆಯಾದ .308ರ ವೇಗದಲ್ಲಿ 150 ಗಜ ದೂರದಲ್ಲಿ, ಅಡ್ಡ ನಿಂತ ಹೆಣ್ಣು ಎಲ್ಕ್‌ನ ಪಕ್ಕೆಲುಬಿಗೆ ಬಿದ್ದರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದನ್ನು ಪೂರ್ತಿ ತಳ್ಳಿಹಾಕುವುದು ನ್ಯಾಯವಲ್ಲ.

ಪಾರ್ಟಿಷನ್ ಹುಟ್ಟಿದ್ದೇ ಈ ತೊಂದರೆಯಿಂದ. 1946ರಲ್ಲಿ ಜಾನ್ ನೋಸ್ಲರ್ ಬ್ರಿಟಿಷ್ ಕೊಲಂಬಿಯಾದಲ್ಲಿ ಕೆಸರು ಮೆತ್ತಿಕೊಂಡಿದ್ದ ಮೂಸ್ (ಎಲ್ಕ್‌ಗಿಂತಲೂ ದೊಡ್ಡ ಜಿಂಕೆ) ಮೇಲೆ ಹಾರಿಸಿದ ಗುಂಡುಗಳು ಒಳಕ್ಕೆ ಇಳಿಯಲಿಲ್ಲ. ಅವರು ಗುಂಡಿನ ನಡುವೆ ತಾಮ್ರದ್ದೇ ಒಂದು ಅಡ್ಡಗೋಡೆ ಇಟ್ಟರು. 1948ರಲ್ಲಿ ಅದು ಮಾರಾಟಕ್ಕೆ ಬಂತು. ಮುಂದಿನ ಸೀಸ ಅರಳಿ ಚೂರಾಗುತ್ತದೆ, ಗೋಡೆಯ ಹಿಂದಿನ ಸೀಸ ಹಾಗೇ ಇದ್ದು ಗುಂಡನ್ನು ಮುಂದಕ್ಕೆ ತಳ್ಳುತ್ತದೆ. ನೀರಿನ ಕ್ಯಾನುಗಳಿಂದ ಆರಿಸಿ ತೆಗೆದ ಒಂದು ಪಾರ್ಟಿಷನ್ ನನ್ನ ಮೇಜಿನ ಮೇಲಿದೆ. ಮುಂಭಾಗ ಬಾಡಿದ ಹೂವಿನಂತೆ ಹಿಂದಕ್ಕೆ ಮಡಚಿಕೊಂಡು ಗೋಡೆಗೆ ಅಂಟಿದೆ, ಅಲ್ಲಿ ಸೀಸದ ಸುಳಿವಿಲ್ಲ. ಹಿಂಭಾಗ ಕಾರ್ಖಾನೆಯಿಂದ ಬಂದಂತೆಯೇ ಇದೆ, ನಳಿಗೆಯ ತಿರುಪು ಗೀರುಗಳು ಉಗುರಿಗೆ ಸಿಗುತ್ತವೆ. ಸ್ಟೀಲ್ ತಕ್ಕಡಿಯಲ್ಲಿ 118 ಗ್ರೇನ್, ಅಂದರೆ 180ರಲ್ಲಿ ಮೂರನೇ ಎರಡು ಪಾಲು. ಈ ಗುಂಡಿನಿಂದ ಬಯಸಬೇಕಾದ್ದೂ ಅಷ್ಟೇ.

ಆ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಒಂದು ಗ್ಯಾಲನ್ನಿನ ಎಂಟು ಹಾಲಿನ ಕ್ಯಾನುಗಳಿಗೆ ನೀರು ತುಂಬಿ, ಹಲಗೆಯ ಮೇಲೆ ಒಂದಕ್ಕೊಂದು ತಾಗುವಂತೆ ಸಾಲಾಗಿ ಇಡಿ. ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು. ಮೊದಲು 50 ಗಜದಿಂದ, ಆಮೇಲೆ ನೀವು ಹೊಡೆಯಲು ಒಪ್ಪುವ ಅತಿ ದೂರದಿಂದ. ಹೆಚ್ಚಿನವರು ಹತ್ತಿರದ ಈಡು ನೋಡಿ ಸಮಾಧಾನಪಟ್ಟು ಎದ್ದುಬಿಡುತ್ತಾರೆ. ದೂರದ ಈಡಿನಲ್ಲಿ ಗುಂಡು ಅರಳಿತೋ ಇಲ್ಲವೋ ಎಂಬುದು ಹೆಚ್ಚು ಕಲಿಸುತ್ತದೆ. ನೀರು ಮಾಂಸಕ್ಕಿಂತ ಒರಟು. ಇಳಿದ ಆಳವನ್ನು ಪ್ರಾಣಿಯ ಮೈಗೆ ನೇರ ಹೋಲಿಸಬೇಡಿ, ಎರಡು ಗುಂಡುಗಳನ್ನು ಒಂದಕ್ಕೊಂದು ಹೋಲಿಸಲು ಮಾತ್ರ ಬಳಸಿ.

ತೂಕದ ಲೆಕ್ಕಕ್ಕೆ ಸೆಕ್ಷನಲ್ ಡೆನ್ಸಿಟಿ ಎಂಬ ಸಂಖ್ಯೆ ನೋಡುತ್ತೇನೆ, ಅಂದರೆ ಗುಂಡು ತನ್ನ ದಪ್ಪಕ್ಕೆ ಎಷ್ಟು ಭಾರ ಎಂಬುದು. ಗುಂಡಿನ ಗ್ರೇನ್ ತೂಕವನ್ನು 7,000ದಿಂದ ಭಾಗಿಸಿ, ಬಂದದ್ದನ್ನು ಇಂಚಿನಲ್ಲಿರುವ ವ್ಯಾಸದ ವರ್ಗದಿಂದ ಮತ್ತೆ ಭಾಗಿಸಿದರೆ ಸಿಗುತ್ತದೆ. .30-06ರಲ್ಲಿ 150 ಗ್ರೇನ್‌ಗೆ 0.226, 165ಕ್ಕೆ 0.248, 180ಕ್ಕೆ 0.271. 7 ಎಂಎಂ ಮ್ಯಾಗ್ನಮ್ ತೋಟೆಯ 160ಕ್ಕೆ 0.283. ಸೀಸವಿರುವ ಗುಂಡಾದರೆ ಎಲ್ಕ್‌ಗೆ 0.25ರಿಂದ ಮೇಲಿರಲಿ. 6.5 ಕ್ರೀಡ್‌ಮೂರ್ ಎಂಬ ಸಣ್ಣ ತೋಟೆಯ 143 ಗ್ರೇನ್ ಗುಂಡಿಗೆ 0.293 ಬರುತ್ತದೆ, ಆದರೆ ಅದರಿಂದಲೇ ಅದು ದೊಡ್ಡ ತೋಟೆಯಾಗುವುದಿಲ್ಲ. ಗಾಯದ ಅಗಲ ಕಡಿಮೆ. ಹೆಣ್ಣು ಎಲ್ಕ್, 250 ಗಜದೊಳಗೆ, ಅಡ್ಡ ನಿಂತದ್ದು: ಅಷ್ಟಕ್ಕೆ ನಾನು ಒಪ್ಪುತ್ತೇನೆ. ಗುರಿಸ್ಪರ್ಧೆಗೆಂದು ಮಾಡಿದ ಮ್ಯಾಚ್ ಗುಂಡುಗಳನ್ನು, ಕಾಗದದ ಮೇಲೆ ಎಷ್ಟು ಚಂದ ಬಿದ್ದರೂ, ಈ ಕೆಲಸಕ್ಕೆ ತರಬೇಡಿ.

ಪೂರ್ತಿ ತಾಮ್ರದ ಬಾರ್ನ್ಸ್ ಟಿಟಿಎಸ್‌ಎಕ್ಸ್ ಥರದ ಗುಂಡಿಗೆ ಲೆಕ್ಕ ಬೇರೆ. ಅದು ತೂಕ ಕಳೆದುಕೊಳ್ಳುವುದೇ ಇಲ್ಲ ಎನ್ನಬಹುದು, ಹಾಗಾಗಿ ಒಂದು ಮೆಟ್ಟಿಲು ಹಗುರ ತೆಗೆದುಕೊಳ್ಳಬೇಕು: 180ರ ಬದಲು 168. ವೇಗ 2,750ರ ಆಸುಪಾಸಿಗೆ ಏರುತ್ತದೆ, 2,000ದ ಗೆರೆ 400 ಗಜದ ಹತ್ತಿರಕ್ಕೆ ಸರಿಯುತ್ತದೆ. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅದೇ ತೂಕಕ್ಕೆ ಗುಂಡು ಉದ್ದ. ಉದ್ದ ಗುಂಡು ಓಲಾಡದೆ ಹೋಗಲು ನಳಿಗೆಯ ಗೀರುಗಳು ಅದನ್ನು ಬೇಗ ತಿರುಗಿಸಬೇಕು, ಅಂದರೆ ವೇಗದ ತಿರುಪು ಬೇಕು. .30-06ರ 10 ಇಂಚಿಗೊಂದು ಸುತ್ತು ಸಾಕು, ಹಳೆಯ .308ಗಳ 12 ಇಂಚಿನ ತಿರುಪಿನಲ್ಲಿ ಭಾರದ ತಾಮ್ರದ ಗುಂಡು ಓಲಾಡಬಹುದು. ಸೀಸದ ಗುಂಡಿನಿಂದ ತಾಮ್ರಕ್ಕೆ ಬದಲಾಯಿಸುವ ಮೊದಲು ತಾಮ್ರ ಕರಗಿಸುವ ದ್ರಾವಣದಿಂದ ನಳಿಗೆಯನ್ನು ಬುಡಮಟ್ಟ ತೊಳೆಯಿರಿ. ತೊಳೆಯದೆ ಹೊಡೆದು, ಈಡುಗಳು ಒಂದೇ ಕಡೆ ಬೀಳದೆ ಚದುರಿದವೆಂದು ಗುಂಡನ್ನು ಬೈಯುವುದು ಸಾಮಾನ್ಯ. ಸ್ವಂತ ತೋಟೆ ತುಂಬುವವರು ಗುಂಡಿಗೂ ನಳಿಗೆಯ ಗೀರು ಶುರುವಾಗುವ ಜಾಗಕ್ಕೂ ನಡುವೆ 0.050 ಇಂಚು ಬಿಟ್ಟು ಶುರು ಮಾಡಲಿ.

ಮಾಂಸದ ದೃಷ್ಟಿಯಿಂದ ತಾಮ್ರವೇ ಮೇಲು. ಸೀಸದ ಗುಂಡಿನ ಚೂರುಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಗಾಯದ ಸುತ್ತ ಹರಡಿರುತ್ತವೆ. ಮಕ್ಕಳು ತಿನ್ನುವ ಮಾಂಸವಾದರೆ ಗಾಯದ ಸುತ್ತ ಧಾರಾಳವಾಗಿ ಕತ್ತರಿಸಿ ಬಿಸಾಡಬೇಕು. ಕಾಡಿನಲ್ಲಿ ಬಿಟ್ಟ ಕರುಳಿನ ರಾಶಿಯನ್ನು ಹದ್ದುಗಳು ತಿನ್ನುತ್ತವೆ, ಸೀಸ ಅವುಗಳನ್ನು ಕೊಲ್ಲುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸ ಪೂರ್ತಿ ನಿಷೇಧ. ಈ ಕಾರಣಕ್ಕೆ ಬಯಲು ಜಾಗದ ಬೇಟೆಗೂ ನಾನು ತಾಮ್ರವನ್ನೇ ಮೊದಲು ನೋಡುತ್ತೇನೆ, 300 ಗಜ ಮೀರಿ ಹೊಡೆಯುವುದಿಲ್ಲ ಎಂಬ ಕಟ್ಟಳೆಯೊಂದಿಗೆ.

ಕೋನದ ಮಾತು. ಅಡ್ಡ ನಿಂತ ಎಲ್ಕ್‌ಗೆ ಮುಂಗಾಲಿನ ಹಿಂದಿನ ಮಡಿಕೆಗೆ ನೇರವಾಗಿ, ಎದೆಯ ಎತ್ತರದ ಕೆಳಗಿನ ಮೂರನೇ ಒಂದು ಪಾಲಿನಲ್ಲಿ ಗುರಿ. ಬೆನ್ನು ಓರೆ ಮಾಡಿ ನಿಂತದ್ದಾದರೆ ಗುಂಡು ಮೇವಿನ ಚೀಲವನ್ನು ದಾಟಿ ಎದೆಗೆ ಹೋಗಬೇಕಾಗುತ್ತದೆ. ಒದ್ದೆ ಹುಲ್ಲು ತುಂಬಿದ ಆ ಚೀಲ ಮರಳಿನ ಮೂಟೆಯಂತೆ ಗುಂಡನ್ನು ಹಿಡಿದಿಡುತ್ತದೆ. ಮಾಮೂಲಿ ಗುಂಡಿನಲ್ಲಿ ಆ ಈಡು ಬೇಡವೇ ಬೇಡ, ಪಾರ್ಟಿಷನ್ ಅಥವಾ ತಾಮ್ರದಲ್ಲೂ ತೀರಾ ಓರೆಯಾದರೆ ಕಾಯುವುದೇ ಸರಿ. ಹೊರಹೋಗುವ ತೂತು ಬೇಕೇ ಬೇಕು. ದಟ್ಟ ಕೂದಲು ರಕ್ತ ಹೀರಿಕೊಳ್ಳುತ್ತದೆ, ಒಂದೇ ತೂತಿದ್ದರೆ ಹಿಮದ ಮೇಲೂ ಜಾಡು ಸಿಗದೆ ಹೋಗಬಹುದು. ಎಲ್ಕ್ ನಿಂತೇ ಇದ್ದರೆ ಇನ್ನೊಂದು ಈಡು ಹೊಡೆಯಿರಿ, ನೆಲಕ್ಕೆ ಬೀಳುವವರೆಗೂ.

ರೈಫಲನ್ನು 200 ಗಜಕ್ಕೆ ಸರಿಹೊಂದಿಸುತ್ತೇನೆ. 100ರಲ್ಲಿ ಎರಡು ಇಂಚು ಮೇಲೆ, 300ರಲ್ಲಿ ಸುಮಾರು ಒಂಬತ್ತು ಇಂಚು ಕೆಳಗೆ. ಗುಂಡು ಬದಲಾಯಿಸಿದರೆ ತೂಕ ಒಂದೇ ಇದ್ದರೂ ಬೀಳುವ ಜಾಗ ಬದಲಾಗುತ್ತದೆ, ಮತ್ತೆ ಹೊಂದಿಸಲೇಬೇಕು. ಒಂದೇ ಲಾಟ್ ನಂಬರಿನ, ಅಂದರೆ ಒಂದೇ ಬಾರಿಗೆ ತಯಾರಾದ, ಮೂರು ಪೆಟ್ಟಿಗೆ ಒಟ್ಟಿಗೆ ಕೊಳ್ಳುತ್ತೇನೆ: ಒಂದು ಅಭ್ಯಾಸಕ್ಕೆ, ಒಂದು ಬೇಟೆಗೆ, ಮೂರನೆಯದರಲ್ಲಿ ಐದು ತೋಟೆ ಮುಂದಿನ ವರ್ಷದ ಮೊದಲ ಪರೀಕ್ಷೆಗೆ ಎತ್ತಿಟ್ಟು, ಪೆಟ್ಟಿಗೆಯ ಮೇಲೆ ಅಳೆದ ವೇಗವನ್ನೂ ತಾರೀಕನ್ನೂ ಪೆನ್ನಿನಲ್ಲಿ ಬರೆದಿಡುತ್ತೇನೆ.